ಮಿನಿ ವಿಧಾನಸೌಧದ ಹತ್ತಿರದ ಡಿಟಿಪಿ ಅಂಗಡಿ: ಅರ್ಜಿಗೆ ಫುಲ್ ಮಾರ್ಕ್ಸ್, ಟೈಮಿಗೆ ಸೊನ್ನೆ

ಕಲಬುರಗಿಯ ಮಿನಿ ವಿಧಾನಸೌಧದ ಆಸುಪಾಸಿನಲ್ಲಿ ಟೈಪಿಂಗ್, ಜೆರಾಕ್ಸ್, ಡಿಟಿಪಿ ಅಂಗಡಿಗಳಿಗೆ ಲೆಕ್ಕವಿಲ್ಲ. ಅದರಲ್ಲೊಂದಕ್ಕೆ ಈ ಬೇಸಿಗೆಯಲ್ಲಿ ನಾನು ಒಂಬತ್ತು ಸಲ ಹೋಗಿ ಬಂದಿದ್ದೇನೆ. ಹಾಗಾಗಿ ವಿಮರ್ಶೆ ಬರೆಯುವ ಹಕ್ಕು ನನಗಿದೆ ಅಂದುಕೊಳ್ಳುತ್ತೇನೆ. ಅಂಗಡಿ ಹೆಸರು ಹಾಕುವುದಿಲ್ಲ. ಹೊಗಳಿಕೆ ಜೊತೆ ಬೈಗುಳವೂ ಇದೆ, ನಾಳೆ ಮತ್ತೆ ಅಲ್ಲಿಗೇ ಹೋಗಬೇಕು.

ಗುರುತು ಬೇಕಾದರೆ ಇಷ್ಟು ಹೇಳಬಹುದು. ಒಳಗೆ ಶಹಾಬಾದ್ ಪರ್ಸಿ ಹಾಸಿದ್ದಾರೆ, ಬಾಗಿಲ ಹತ್ತಿರ ನೀರಿನ ಮಡಕೆ, ಮೂಲೆಯಲ್ಲಿ ಜೋರಾಗಿ ಸದ್ದು ಮಾಡುವ ಕೂಲರ್. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಷೀನು. ಮಾಲೀಕರು ಅರವತ್ತು ದಾಟಿದವರು, ಎಲ್ಲರೂ ಕಾಕಾ ಅನ್ನುತ್ತಾರೆ. ಟೈಪ್ ಮಾಡುವ ಹುಡುಗನೊಬ್ಬ ಇದ್ದಾನೆ, ವಾಡಿ ಕಡೆಯವನು, ಕೈ ಬಹಳ ಚುರುಕು.

ನಾವು ಹೋಗಿದ್ದು ಯಾವ ಕೆಲಸಕ್ಕೆ ಅಂದರೆ, ನಮ್ಮ ಬಡಾವಣೆಯ ಹನ್ನೊಂದು ಮಂದಿ ಸೇರಿ ಒಂದು ಸಹಿ ಸಂಗ್ರಹ ಶುರು ಮಾಡಿದ್ದೇವೆ. ಭೂಮಿ ಬಿಸಿ ಏರಿಸುವ ಅನಿಲಗಳನ್ನು ಕಡಿಮೆ ಮಾಡಲು ನಮ್ಮ ರಾಜ್ಯಕ್ಕೇ ಒಂದು ಕಾಯ್ದೆ ಬೇಕು, ಅದನ್ನು ವಿಧಾನಸಭೆಯಲ್ಲಿ ಎತ್ತಿ ಅಂತ ಶಾಸಕರಿಗೆ ಅರ್ಜಿ. ಕಲಬುರಗಿಯವರಿಗೆ ಬಿಸಿಲು ಹೊಸದಾ ಅಂತ ನಗಬೇಡಿ. ಏಪ್ರಿಲ್‌ನಲ್ಲಿ 43 ಡಿಗ್ರಿ ಇದ್ದಾಗ ಮಧ್ಯಾಹ್ನದ ಟ್ಯೂಷನ್ ನಿಲ್ಲಿಸಿ ಬೆಳಿಗ್ಗೆ ಆರಕ್ಕೆ ಮಕ್ಕಳನ್ನು ಕರೆಸುವವಳು ನಾನು. ವಿಜ್ಞಾನ ಹೇಳಿಕೊಡುತ್ತೇನೆ, ಅದಕ್ಕೇ ಅರ್ಜಿಯ ಕೆಲಸ ನನ್ನ ಕೊರಳಿಗೆ ಬಿತ್ತು.

ಮೊದಲ ದಿನ ನಮ್ಮ ಗುಂಪಿನ ನಿವೃತ್ತ ಎಂಜಿನಿಯರ್ ಒಬ್ಬರು ಬರೆದ ನಾಲ್ಕು ಪುಟದ ಕರಡು ಹಿಡಿದು ಹೋದೆ. ಕಾಕಾ ಕನ್ನಡಕ ಏರಿಸಿ ಎರಡು ಸಾಲು ಓದಿದರು. ಹಾಳೆಯನ್ನು ಟೇಬಲ್ ಮೇಲಿಟ್ಟು ಅದರ ಮೇಲೆ ಸ್ಟೇಪ್ಲರ್ ಇಟ್ಟರು.

"ಅಕ್ಕೋರ, ಇದು ಅರ್ಜಿ ಅಲ್ರಿ. ಪ್ರಬಂಧ."

ನನಗೆ ಸ್ವಲ್ಪ ಸಿಟ್ಟೇ ಬಂತು. ಟೈಪ್ ಮಾಡುವ ಕೆಲಸ ಕೊಟ್ಟರೆ ತಿದ್ದುವುದಕ್ಕೆ ಇವರ್ಯಾರು ಅಂತ. ಆದರೆ ಕಾಕಾ ಮುಂದೆ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರವೇ ಇರಲಿಲ್ಲ. "ನಿಮಗ ಏನ್ ಬೇಕು ಅಂತ ನಾಲ್ಕು ಪೇಜ್‌ನಾಗ ಎಲ್ಲೂ ಇಲ್ಲ ನೋಡ್ರಿ. ಯಾವ ಕಾಯ್ದೆ, ಯಾವ ತಾರೀಖಿನೊಳಗ, ಯಾರ್ ಮಾಡಬೇಕು? ತಾರೀಖ ಎಲ್ಲದ?"

ಟೇಬಲ್ ಮೇಲೆ ಯಾರದೋ ಸಕಾಲ ಸ್ವೀಕೃತಿ ಬಿದ್ದಿತ್ತು, ಆದಾಯ ಪ್ರಮಾಣಪತ್ರದ್ದು. ಅದನ್ನು ನನ್ನ ಮುಂದೆ ತಳ್ಳಿ ಬೆರಳಿಟ್ಟು ತೋರಿಸಿದರು. ಒಂದು ನಂಬರ್, ಪಕ್ಕದಲ್ಲಿ ಕೆಲಸ ಮುಗಿಯಬೇಕಾದ ದಿನಾಂಕ. ಅಷ್ಟೇ. ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕು ಅನ್ನುವ ಸಕಾಲ ಕಾಯ್ದೆ 2011ರದ್ದು. ಗಡುವು ದಾಟಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಅರ್ಜಿದಾರರಿಗೆ ಕೊಡಬೇಕು ಅಂತ ಅದರಲ್ಲಿದೆ. 20 ರೂಪಾಯಿಗೆ ಯಾರೂ ಶ್ರೀಮಂತರಾಗುವುದಿಲ್ಲ. ಆದರೆ ತಡವಾದರೆ ಯಾರ ಟೇಬಲ್‌ನಲ್ಲಿ ತಡವಾಯಿತು ಅನ್ನುವುದು ಬರಹದಲ್ಲಿ ಬರುತ್ತದೆ ಅಲ್ವಾ, ಅದು ಮುಖ್ಯ. ಇಷ್ಟು ವರ್ಷ ಬರೀ ಪ್ರಮಾಣಪತ್ರದ ಫಾರ್ಮ್ ತುಂಬಿಸುತ್ತಾ ಕೂತ ಮನುಷ್ಯನಿಗೆ ಯೋಜನೆಗೂ ಕಾಯ್ದೆಗೂ ಇರುವ ವ್ಯತ್ಯಾಸ ನಮ್ಮ ಹನ್ನೊಂದು ಮಂದಿಗಿಂತ ಚೆನ್ನಾಗಿ ಗೊತ್ತಿತ್ತು. ಹವಾಮಾನ ಬದಲಾವಣೆ ಬಗ್ಗೆ ಕರ್ನಾಟಕದಲ್ಲಿ ಕ್ರಿಯಾ ಯೋಜನೆ ಇದೆ. ಎಲೆಕ್ಟ್ರಿಕ್ ವಾಹನಕ್ಕೆ ನೀತಿ ಇದೆ, 2017ರಲ್ಲಿ ಅಂಥ ನೀತಿ ತಂದ ಮೊದಲ ರಾಜ್ಯ ನಮ್ಮದೇ. ಆದರೆ ನೀತಿಯ ಪ್ರಕಾರ ಕೆಲಸ ಆಗಲಿಲ್ಲ ಅಂತ ಯಾರನ್ನು ಹಿಡಿದು ಕೇಳುತ್ತೀರಿ?

ನಾಲ್ಕು ಪುಟ ಒಂದು ಪುಟವಾಯಿತು. ಒಂದೂವರೆ ಗಂಟೆ ಹಿಡಿಯಿತು, ದುಡ್ಡು ತಗೊಂಡಿದ್ದು ಒಂದು ಪುಟದ ಟೈಪಿಂಗ್‌ಗೆ ಮಾತ್ರ, 40 ರೂಪಾಯಿ. ಈ ಕೆಲಸಕ್ಕೆ ಬೆಂಗಳೂರಿನಲ್ಲಿ ಕನ್ಸಲ್ಟೆಂಟ್ ಅಂತ ಬೋರ್ಡ್ ಹಾಕಿಕೊಂಡವರು ಎಷ್ಟು ಬಿಲ್ ಮಾಡುತ್ತಿದ್ದರೋ.

ವಿಷಯದ ಸಾಲಿಗೆ ಮಾತ್ರ ನಮ್ಮಿಬ್ಬರಿಗೆ ಜಗಳವೇ ಆಯಿತು. ನಾನು 'ಹಸಿರುಮನೆ ಅನಿಲಗಳ ಹೊರಸೂಸುವಿಕೆ' ಅಂತ ಬರೆದಿದ್ದೆ. "ಹಸಿರುಮನಿ ಅಂದ್ರ ಯಾರ ಮನಿ ಅಕ್ಕೋರ?" ಅಂದರು. ಅವರು 'ಹೊಗೆ' ಅಂತ ಹಾಕಿ ಅಂದರು. ಇಂಗಾಲದ ಡೈಆಕ್ಸೈಡ್ ಕಣ್ಣಿಗೆ ಕಾಣುವುದಿಲ್ಲ, ಅದು ಹೊಗೆ ಅಲ್ಲ ಅಂತ ನಾನು. ಮಂದಿಗೆ ಹೊಗೆ ಅಂದರೆ ತಿಳಿಯುತ್ತದೆ ಅಂತ ಅವರು. ಕೊನೆಗೆ 'ಬಿಸಿ ಹೆಚ್ಚಿಸುವ ಇಂಗಾಲದ ಅನಿಲ ಕಡಿಮೆ ಮಾಡಲು ಕಾಲಮಿತಿಯ ಕಾಯ್ದೆ ತರುವ ಬಗ್ಗೆ' ಅಂತಾಯಿತು. 'ಕಾಲಮಿತಿಯ' ಅನ್ನುವ ಪದ ಅವರದು. ಈಗ ನೋಡಿದರೆ ಇಡೀ ಅರ್ಜಿಯ ಜೀವ ಆ ಒಂದು ಪದದಲ್ಲಿದೆ.

ಕಾಯುವ ಗಿರಾಕಿಗಳು ಸುಮ್ನೆ ಕೂರುವ ಅಂಗಡಿ ಅಲ್ಲ ಅದು. ಇದೂ ಸೇವೆಯ ಒಂದು ಭಾಗ ಅಂತಲೇ ಹೇಳುತ್ತೇನೆ. ಜಮೀನಿನ ಪಹಣಿ ಹಿಡಿದು ಕೂತಿದ್ದ ಹಿರಿಯರೊಬ್ಬರು, ಇದೆಲ್ಲ ದಿಲ್ಲಿಯವರು ಮಾಡಬೇಕಾದ್ದು, ರಾಜ್ಯ ಏನು ಮಾಡೀತು ಅಂದರು. ಬಹಳ ಮಂದಿ ಹೀಗೇ ಕೇಳುತ್ತಾರೆ. ನಾನು ಕ್ಯಾಲಿಫೋರ್ನಿಯಾದ ಕಥೆ ಹೇಳಿದೆ. ಅಮೆರಿಕದ ಕೇಂದ್ರ ಸರ್ಕಾರದಲ್ಲಿ ಇಂಥ ಕಾನೂನು ಇಲ್ಲದ ಕಾಲ. 2006ರ ಸೆಪ್ಟೆಂಬರ್‌ನಲ್ಲಿ ಆ ರಾಜ್ಯ ತಾನೇ ಒಂದು ಕಾಯ್ದೆ ಮಾಡಿತು, ಎಬಿ 32 ಅಂತ. 2020ರ ಹೊತ್ತಿಗೆ ರಾಜ್ಯದ ಇಂಗಾಲದ ಅನಿಲ 1990ರ ಮಟ್ಟಕ್ಕೆ ಇಳಿಯಬೇಕು, ಇದು ಗುರಿ. ಸಹಿ ಹಾಕಿದ ಗವರ್ನರ್ ಅರ್ನಾಲ್ಡ್ ಶ್ವಾರ್ಜ್‌ನೆಗರ್. "ಸಿನಿಮಾದ ಅರ್ನಾಲ್ಡಾ?" ಅಂತ ಹುಡುಗ ಕೀಬೋರ್ಡ್ ಬಿಟ್ಟು ತಿರುಗಿದ. ಹೌದಪ್ಪ, ಅವನೇ. ಅಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಗವರ್ನರ್‌ದು ಒಂದು ಪಕ್ಷ, ಶಾಸನಸಭೆಯಲ್ಲಿ ಬಹುಮತ ಇನ್ನೊಂದು ಪಕ್ಷದ್ದು, ಆದರೂ ಪಾಸಾಯಿತು. ನಾಲ್ಕು ವರ್ಷಕ್ಕೆ, 2010ರಲ್ಲಿ, ಅದನ್ನು ತಡೆಹಿಡಿಯಬೇಕು ಅಂತ ಜನಮತಕ್ಕೆ ಹಾಕಿದರು. ದುಡ್ಡು ಸುರಿದವರಲ್ಲಿ ದೊಡ್ಡ ಪಾಲು ತೈಲ ಕಂಪನಿಗಳದು. ಜನ ಓಟು ಹಾಕಿ ಆ ಪ್ರಯತ್ನವನ್ನು ಸೋಲಿಸಿದರು. ಗುರಿ ಮುಟ್ಟಿದ್ದು 2016ರಲ್ಲಿ, ಹೇಳಿದ್ದಕ್ಕಿಂತ ನಾಲ್ಕು ವರ್ಷ ಮೊದಲೇ. ಆಮೇಲೆ ಮ್ಯಾಸಚೂಸೆಟ್ಸ್ 2008ರಲ್ಲಿ, ನ್ಯೂಯಾರ್ಕ್ 2019ರಲ್ಲಿ ತಮ್ಮದೇ ಕಾಯ್ದೆ ಮಾಡಿಕೊಂಡವು.

ಅಲ್ಲಿನ ದುಡ್ಡು, ಅಲ್ಲಿನ ಅಧಿಕಾರ ನಮ್ಮ ರಾಜ್ಯಗಳಿಗೆ ಇಲ್ಲ, ಅದು ನಿಜ. ಆದರೆ ಏನೂ ಇಲ್ಲ ಅಂತಲ್ಲ. ವಿದ್ಯುತ್ ನಮ್ಮ ಸಂವಿಧಾನದಲ್ಲಿ ಸಮವರ್ತಿ ಪಟ್ಟಿಯಲ್ಲಿದೆ, ಕೇಂದ್ರವೂ ಕಾನೂನು ಮಾಡಬಹುದು, ರಾಜ್ಯವೂ ಮಾಡಬಹುದು. ಪಕ್ಕದ ರಾಯಚೂರಿನ ಶಕ್ತಿನಗರದಲ್ಲಿ 1,720 ಮೆಗಾವಾಟ್ ಕಲ್ಲಿದ್ದಲು ಸ್ಥಾವರ ಇದೆ, ಅದು ರಾಜ್ಯ ಸರ್ಕಾರದ ನಿಗಮದ್ದು. ನಾವು ಹತ್ತುವ ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸು ರಾಜ್ಯದ್ದು. ಮನೆ ಕಟ್ಟುವ ನಿಯಮ ರಾಜ್ಯದ್ದು, ಸರ್ಕಾರಿ ಶಾಲೆಯ ಮಾಳಿಗೆ ರಾಜ್ಯದ್ದು. ಪಹಣಿ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "371 ಜೆ ಸೈತ ಸುಮ್ನ ಬಂದಿಲ್ಲ" ಅಂದರು. ನನಗೆ ಹೊಳೆದಿರಲೇ ಇಲ್ಲ. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ ವಿಧಿ ಅದು. ನಮ್ಮ ಭಾಗದವರು ಅದಕ್ಕಾಗಿ ಎಷ್ಟು ವರ್ಷ ಅರ್ಜಿ, ಧರಣಿ, ಬಂದ್ ಅಂತ ಓಡಾಡಿದರು. 2012ರಲ್ಲಿ ಸಂಸತ್ತಿನಲ್ಲಿ ತಿದ್ದುಪಡಿ ಪಾಸಾದಾಗ ಅದು 98ನೆಯದು. ಕಾಯ್ದೆ ಬೇಕು ಅಂತ ಹಟ ಹಿಡಿಯುವುದು ಈ ಊರಿಗೆ ಕಲಿಸಬೇಕಾಗಿಲ್ಲ.

ಇನ್ನು ವಾಡಿಯ ಹುಡುಗ. ಮೂರನೇ ಸಲ ಹೋದಾಗ ಕಾಕಾ ಇರಲಿಲ್ಲ, ಇವನೊಬ್ಬನೇ. ಟೈಪ್ ಮಾಡುತ್ತಾ ಮಾಡುತ್ತಾ ನಿಲ್ಲಿಸಿ ಕೇಳಿದ, "ಅಕ್ಕೋರ, ಈ ಕಾಯ್ದೆ ಬಂದ್ರ ಸಿಮೆಂಟ್ ಫ್ಯಾಕ್ಟರಿ ಬಂದ್ ಆಗ್ತಾವೇನ್ರಿ?" ಅವನ ಅಪ್ಪ ಫ್ಯಾಕ್ಟರಿಯಲ್ಲಿ ಲೋಡಿಂಗ್ ಕೆಲಸ ಮಾಡುತ್ತಾರಂತೆ.

ಈ ಪ್ರಶ್ನೆಗೆ ಹೌದು ಇಲ್ಲ ಅಂತ ಒಂದೇ ಮಾತಲ್ಲಿ ಮುಗಿಸಿದರೆ ಮೋಸವಾಗುತ್ತದೆ. ವಾಡಿ, ಮಳಖೇಡ, ಸೇಡಂ ಈ ಸಾಲಿನಲ್ಲಿ ಎಷ್ಟು ಮನೆಗಳ ಒಲೆ ಸಿಮೆಂಟಿನಿಂದ ಉರಿಯುತ್ತದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಈಗ ಹೊರಗಿನವರಿಗೆ ಗೊತ್ತಿರುವುದು ಸಿಮೆಂಟ್ ಚೀಲದಿಂದಲೇ. ಹಾಳೆಯ ಹಿಂಬದಿ ತಿರುಗಿಸಿ ಲೆಕ್ಕ ಬರೆದು ತೋರಿಸಿದೆ, ಟ್ಯೂಷನ್ ಚಟ ಬಿಡುವುದಿಲ್ಲ ನೋಡಿ. ಶುದ್ಧ ಸುಣ್ಣದ ಕಲ್ಲು 100 ಕೆಜಿ ಪೂರ್ತಿ ಸುಟ್ಟರೆ ಸುಣ್ಣ ಉಳಿಯುವುದು 56 ಕೆಜಿ. ಉಳಿದ 44 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಮೇಲೆ ಹೋಗುತ್ತದೆ. ಇದು ಕಲ್ಲಿದ್ದಲ ಹೊಗೆ ಅಲ್ಲ, ಕಲ್ಲಿನ ಒಳಗಿಂದಲೇ ಬರುವುದು. ಗೂಡಿನ ಬೆಂಕಿಗೆ ಕಲ್ಲಿದ್ದಲು ಬೇರೆ ಬೇಕು, ಅಲ್ಲಿ ಸುಮಾರು 1,450 ಡಿಗ್ರಿ ಶಾಖ. ಹಾಗಾಗಿ ಫ್ಯಾಕ್ಟರಿ ಮೇಲೆ ಸೋಲಾರ್ ಹಾಕಿದರೂ ಆ 44 ಕೆಜಿ ಹೋಗಿಯೇ ಹೋಗುತ್ತದೆ. ಕಡಿಮೆ ಮಾಡುವ ದಾರಿ ಏನೆಂದರೆ, ಸುಟ್ಟ ಕಲ್ಲಿನ ಪಾಲು ಕಡಿಮೆ ಮಾಡಿ ಬೇರೇನಾದರೂ ಬೆರೆಸುವುದು. ಪಿಪಿಸಿ ಸಿಮೆಂಟ್ ಅಂತ ಅಂಗಡಿಯಲ್ಲಿ ಸಿಗುತ್ತದಲ್ಲ, ಅದರಲ್ಲಿ 15ರಿಂದ 35 ಪರ್ಸೆಂಟ್ ಹಾರುಬೂದಿ, ಅಂದರೆ ಕಲ್ಲಿದ್ದಲು ಸ್ಥಾವರದ ಬೂದಿ, ಬೆರೆಸುತ್ತಾರೆ. ಸರ್ಕಾರಿ ಕಟ್ಟಡ, ರಸ್ತೆಗೆ ಇಂಥ ಸಿಮೆಂಟನ್ನೇ ಕೊಳ್ಳಬೇಕು ಅಂತ ಕಾಯ್ದೆ ಹೇಳಿದರೆ ಫ್ಯಾಕ್ಟರಿಯೂ ನಡೆಯುತ್ತದೆ, ಗಾಳಿಗೂ ಸ್ವಲ್ಪ ಉಸಿರು. ಕ್ಯಾಲಿಫೋರ್ನಿಯಾದಲ್ಲೂ ಅನಿಲದ ಮೇಲೆ ಮಿತಿ ಹಾಕಿದಾಗ ಸಿಮೆಂಟಿನವರಿಗೆ ಅನಿಲ ಬಿಡುವ ಪರ್ಮಿಟ್ ಒಂದಷ್ಟು ಪುಕ್ಕಟೆ ಕೊಟ್ಟರು, ಫ್ಯಾಕ್ಟರಿಗಳು ಊರು ಬಿಟ್ಟು ಓಡದಿರಲಿ ಅಂತ.

ಹುಡುಗ ಲೆಕ್ಕ ನೋಡಿದ. "ಹಂಗಾದ್ರ ಕೆಲಸಗಾರರ ಮಾತು ಅರ್ಜ್ಯಾಗ ಯಾಕಿಲ್ರಿ?" ಅಂದ.

ಇರಲಿಲ್ಲ. ಹನ್ನೊಂದು ಮಂದಿ, ನಾಲ್ಕು ಪುಟ, ಒಬ್ಬರಿಗೂ ಹೊಳೆದಿರಲಿಲ್ಲ. ಅವತ್ತೇ ಒಂದು ಸಾಲು ಸೇರಿಸಿದೆವು: ಈ ಕಾಯ್ದೆಯಿಂದ ಯಾರ ಕೆಲಸಕ್ಕೆ ತೊಂದರೆಯಾಗುತ್ತದೋ ಅವರಿಗೆ ಬದಲಿ ಕೆಲಸ, ತರಬೇತಿಯ ಹೊಣೆ ಸರ್ಕಾರದ್ದು ಅಂತ ಕಾಯ್ದೆಯಲ್ಲೇ ಬರೆಯಬೇಕು. ಆಮೇಲೆ ಶಹಾಬಾದ್ ಕಡೆ ಸಹಿಗೆ ಹೋದಾಗ ಮಂದಿ ಮೊದಲು ಓದಿ, ಬೆರಳಿಟ್ಟು ಕೇಳಿದ್ದು ಆ ಸಾಲನ್ನೇ.

ಈಗ ಬೈಗುಳದ ಭಾಗ.

ಫೈನಲ್ ಪ್ರತಿ 500 ಹೊಡೆಸಿದೆವು. ಸಂಜೆ ಮನೆಗೆ ತಂದು ನೋಡಿದರೆ ವಿಷಯದ ಸಾಲಿನಲ್ಲಿ 'ಬಿಸಿ ಹೆಚ್ಚಿಸುವ ಅಂಗಾಲದ ಅನಿಲ' ಅಂತಿದೆ. ಇಂಗಾಲ ಅಲ್ಲ, ಅಂಗಾಲ! ಕಾಲಿನ ಕೆಳಗಿನ ಅಂಗಾಲು! ಕಲಬುರಗಿ ಬಿಸಿಲಲ್ಲಿ ಚಪ್ಪಲಿ ಇಲ್ಲದೆ ನಡೆದರೆ ಅಂಗಾಲು ಬಿಸಿಯಾಗುವುದು ನಿಜವೇ, ಆದರೆ ಅದಕ್ಕೆ ವಿಧಾನಸಭೆಯಲ್ಲಿ ಕಾಯ್ದೆ ಬೇಕಾಗಿಲ್ಲ. ನಮ್ಮ ಎಂಜಿನಿಯರ್ ಸಾಹೇಬರು ಇದನ್ನು ನೋಡಿ ಅರ್ಧ ಗಂಟೆ ಮಾತಾಡಲಿಲ್ಲ. ನನ್ನ ಮಗಳು ಅರ್ಧ ಗಂಟೆ ನಕ್ಕಳು.

ತಪ್ಪು ಯಾರದು? ಕೂಲರ್ ಸದ್ದಿನಲ್ಲಿ ನಾನು ಗಟ್ಟಿಯಾಗಿ ಓದುತ್ತಿದ್ದೆ, ಹುಡುಗ ಕೇಳಿಸಿಕೊಂಡು ಕುಟ್ಟುತ್ತಿದ್ದ. ಪ್ರೂಫ್ ಕೊಟ್ಟಿದ್ದರು, ನಾನೇ ಓದಿ ಸಹಿ ಹಾಕಿದ್ದೆ. ಕಣ್ಣು ಮೂರು ಬೇಡಿಕೆಗಳ ಮೇಲಿತ್ತು, ವಿಷಯದ ಸಾಲು ನೋಡಲೇ ಇಲ್ಲ. ಹಾಗಾಗಿ ಅರ್ಧ ತಪ್ಪು ನನ್ನದು. ಕಾಕಾ ವಾದ ಮಾಡದೆ ಅರ್ಧ ರೇಟಿಗೆ ಮತ್ತೆ ಹೊಡೆದುಕೊಟ್ಟರು. ಹಳೆಯ 500ರ ಹಿಂಬದಿ ಈಗ ನನ್ನ ಟ್ಯೂಷನ್ ಮಕ್ಕಳಿಗೆ ರಫ್ ಹಾಳೆ. ಅವರ ಬಾಯಲ್ಲಿ ಕಾರ್ಬನ್ನಿಗೆ ಕಾಯಂ ಹೆಸರೇ ಅಂಗಾಲ ಆಗಿಬಿಟ್ಟಿದೆ, ಪರೀಕ್ಷೆಯಲ್ಲಿ ಹಾಗೇ ಬರೆದರೆ ಗತಿಯೇನೋ.

ಇನ್ನೊಂದು ತಾಂತ್ರಿಕ ಕಿರಿಕಿರಿ ಇದೆ. ಅಂಗಡಿಯಲ್ಲಿ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡುತ್ತಾರೆ. ಮೊಬೈಲ್‌ಗೆ ಹಾಕೋಣ ಅಂತ ಯೂನಿಕೋಡ್ ಮಾಡಿಸಿದರೆ ಅರ್ಕಾವತ್ತು ಎಲ್ಲೆಲ್ಲೋ ಹಾರಿ ಕೂರುತ್ತದೆ. 'ಕರ್ನಾಟಕ' ಓದುವುದೇ ಕಷ್ಟವಾಗಿತ್ತು. ವಾಟ್ಸಾಪ್‌ಗೆ ಬೇಕಾದರೆ ಮೊದಲೇ ಯೂನಿಕೋಡ್‌ನಲ್ಲಿ ಮಾಡಿ ಅಂತ ಹೇಳಿಬಿಡಿ. ಹೇಳಿದರೆ ಮಾಡುತ್ತಾರೆ, ಮುಖ ಸ್ವಲ್ಪ ಸಣ್ಣದು ಮಾಡಿಕೊಂಡು.

ಬ್ಯಾನರ್ ವಿಷಯಕ್ಕೆ ಬಂದರೆ, ಕೇಳಿದ ಕೂಡಲೇ ಕಾಕಾ ಫ್ಲೆಕ್ಸ್ ಸ್ಯಾಂಪಲ್ ತೆಗೆದರು. ಬೇಡ ಅಂದೆ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಚೀಲದ ಜೊತೆ ಫ್ಲೆಕ್ಸ್, ಬ್ಯಾನರ್, ಬಂಟಿಂಗ್ಸ್ ಎಲ್ಲ ನಿಷೇಧವಾಗಿದ್ದು 2016ರ ಮಾರ್ಚ್‌ನಲ್ಲಿ. ಇವತ್ತು ಊರಿನ ಯಾವ ಸರ್ಕಲ್‌ನಲ್ಲಿ ನಿಂತರೂ ತಲೆ ಎತ್ತಿ ನೋಡಿ, ಹುಟ್ಟುಹಬ್ಬದ ಶುಭಾಶಯಗಳು. ಕಾಕಾ ಸುಮ್ಮನೆ ಬಿಡಲಿಲ್ಲ. "ಮತ್ತ ಕಾಯ್ದೆ ಮಾಡಿ ಏನ್ ಉಪಯೋಗ ಆತ್ರಿ?" ಅಂದರು, ಫ್ಲೆಕ್ಸ್ ಮಡಚಿಡುತ್ತಲೇ. ಕೇಳುವುದು ಸರಿಯೇ. ಅದಕ್ಕೇ ಮೂರನೆಯ ಬೇಡಿಕೆ ಹುಟ್ಟಿದ್ದು. ಮೊದಲನೆಯದು ರಾಜ್ಯದ ಒಟ್ಟು ಅನಿಲಕ್ಕೆ ಇಂಥ ವರ್ಷದೊಳಗೆ ಇಷ್ಟು ಅಂತ ಮಿತಿ. ಎರಡನೆಯದು ಬಸ್ಸು, ಕರೆಂಟು, ಸರ್ಕಾರಿ ಕಟ್ಟಡ ಒಂದೊಂದಕ್ಕೂ ಬೇರೆ ಬೇರೆ ಗಡುವು, ಹೊಣೆಗೆ ಒಂದೊಂದು ಇಲಾಖೆ. ಮೂರನೆಯದು, ವರ್ಷಕ್ಕೊಮ್ಮೆ ಎಷ್ಟು ಇಳಿಯಿತು ಅನ್ನುವ ಲೆಕ್ಕವನ್ನು ಎರಡೂ ಸದನಗಳ ಮುಂದೆ ಇಡಲೇಬೇಕು. ಲೆಕ್ಕ ಕೇಳುವವರಿಲ್ಲದಿದ್ದರೆ ಕಾಯ್ದೆಯೂ ಫ್ಲೆಕ್ಸ್ ನಿಷೇಧದ ಹಾಗೇ.

ಬಟ್ಟೆ ಬ್ಯಾನರ್‌ಗೆ ಜಾಸ್ತಿ ಆಯಿತು, ಆರಡಿ ಮೂರಡಿಗೆ 650 ರೂಪಾಯಿ. ಅವರು ಮಾಡುವುದಿಲ್ಲ, ಪರಿಚಯದ ಪೇಂಟರ್ ಕೈಲಿ ಬರೆಸಿಕೊಡುತ್ತಾರೆ. ಅಕ್ಷರ ಮಾತ್ರ ಎಷ್ಟು ಚಂದ ಇತ್ತು ಅಂದರೆ ದಾರಿಯಲ್ಲಿ ಹೋಗುವವರು ನಿಂತು ಅಕ್ಷರ ನೋಡಿ ಆಮೇಲೆ ವಿಷಯ ಕೇಳುತ್ತಿದ್ದರು. 'ಇಂಗಾಲ' ಸರಿಯಾಗಿತ್ತು, ನಾನೇ ಪೇಂಟರ್ ಮುಂದೆ ನಿಂತಿದ್ದೆ.

ಆದರೆ ಆ ಬ್ಯಾನರ್ ಬಂದಿದ್ದು ಯಾವಾಗ ಅಂತ ಕೇಳಿ. ಸೋಮವಾರ ಮುಂಜಾನೆ ಅಂದರು. ಸೋಮವಾರ ಹೋದರೆ "ನಾಳಿ ಮುಂಜಾನಿ ಪಕ್ಕಾ". ಮಂಗಳವಾರ ಪೇಂಟರ್ ಯಾದಗಿರಿಗೆ ಮದುವೆಗೆ ಹೋಗಿದ್ದಾರೆ. ಬುಧವಾರ ಬಣ್ಣ ಒಣಗಿಲ್ಲ. 43 ಡಿಗ್ರಿಯಲ್ಲಿ ಬಣ್ಣ ಒಣಗಿಲ್ಲ ಅಂದರೆ ನಂಬುವುದು ಹೇಗೆ, ಹೇಳಿ. ಗುರುವಾರ ಸಂಜೆ ಕೈಗೆ ಸಿಕ್ಕಿತು. ಇದೊಂದೇ ಅಲ್ಲ, ಒಂಬತ್ತು ಸಲದಲ್ಲಿ ಹೇಳಿದ ಹೊತ್ತಿಗೆ ಕೆಲಸ ಆಗಿದ್ದು ಎರಡೇ ಸಲ.

ಬೇರೆ ರೇಟು ಹೇಳಿಬಿಡುತ್ತೇನೆ. ಜೆರಾಕ್ಸ್ ಒಂದು ಬದಿಗೆ 2 ರೂಪಾಯಿ, 500ರ ಮೇಲಾದರೆ ಕಡಿಮೆ ಮಾಡುತ್ತಾರೆ. ಎರಡೂ ಬದಿಗೆ ಹೊಡೆಯಿರಿ ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಹಾಳೆ ದಂಡ. ಕರೆಂಟ್ ಹೋದರೆ ಯುಪಿಎಸ್‌ನಲ್ಲಿ ಟೈಪಿಂಗ್ ನಡೆಯುತ್ತದೆ, ಜೆರಾಕ್ಸ್ ನಡೆಯುವುದಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕು ಶಟರ್ ಅರ್ಧ ಇಳಿದಿರುತ್ತದೆ, ಬಗ್ಗಿ ಕರೆದರೆ ಒಳಗೆ ಬಿಡುತ್ತಾರೆ. ಫೋನ್‌ಪೇ ಇದೆ.

ಅರ್ಜಿ ಕೊಡುವ ದಿನ ಎರಡು ಪ್ರತಿ ಹಿಡಿದು ಹೋಗಿ ಅಂತ ಕಾಕಾ ಹೇಳಿದ್ದರು. ಒಂದು ಕೊಡುವುದಕ್ಕೆ, ಇನ್ನೊಂದರ ಮೇಲೆ ಸೀಲು, ಇನ್‌ವರ್ಡ್ ನಂಬರ್, ತಾರೀಖು ಹಾಕಿಸಿಕೊಳ್ಳುವುದಕ್ಕೆ. ಮಂತ್ರಿಯಲ್ಲದ ಶಾಸಕರೂ ಖಾಸಗಿ ಮಸೂದೆ ಮಂಡಿಸಬಹುದು ಅನ್ನುವುದನ್ನೂ ಅವರೇ ಅರ್ಜಿಯ ಕೊನೆಯಲ್ಲಿ ಸೇರಿಸಿಕೊಟ್ಟಿದ್ದರು, ಹೈಕೋರ್ಟ್ ಪೀಠ ಊರಿಗೆ ಬಂದಾಗಿನಿಂದ ವಕೀಲರ ಕಾಗದ ಟೈಪ್ ಮಾಡಿ ಮಾಡಿ ಇಂಥದ್ದೆಲ್ಲ ಗೊತ್ತಂತೆ. ನಾವು 2,140 ಸಹಿ ಕೊಟ್ಟೆವು. ಸೀಲು ಬಿದ್ದ ಪ್ರತಿಯನ್ನು ತೋರಿಸಲು ಅಂಗಡಿಗೆ ಹೋದೆ. ಕಾಕಾ ಸೀಲಿನ ಮೇಲಿನ ತಾರೀಖು ನೋಡಿ, ಏನೂ ಹೇಳದೆ ಲ್ಯಾಮಿನೇಷನ್ ಮಷೀನಿಗೆ ಹಾಕಿದರು. ದುಡ್ಡು ತಗೊಳ್ಳಲಿಲ್ಲ.

ಬೀದರ್ ಕಡೆಯ ಕೆಲವರು ಅದೇ ಅರ್ಜಿ ಕೇಳಿದ್ದಾರೆ, ಇನ್ನೂ 300 ಪ್ರತಿ ಬೇಕು. ನಿನ್ನೆ ಹೋಗಿ ಹೇಳಿ ಬಂದೆ. "ನಾಳಿ ಮುಂಜಾನಿ ಒಯ್ರಿ ಅಕ್ಕೋರ" ಅಂದರು. ರಸೀದಿ ಪುಸ್ತಕ ಅವರ ಮುಂದೆ ತಳ್ಳಿ, ಬೆರಳಿಟ್ಟು, ಇಲ್ಲಿ ತಾರೀಖು ಬರೆಯಿರಿ ಅಂದೆ. ಜೋರಾಗಿ ನಕ್ಕರು. ಬರೆದರು. ಆಮೇಲೆ ಒಂದು ಕ್ಷಣ ಯೋಚಿಸಿ, ಬರೆದದ್ದನ್ನು ಹೊಡೆದು, ಎರಡು ದಿನ ಮುಂದಿನದು ಹಾಕಿಕೊಟ್ಟರು.

ಐದಕ್ಕೆ ಮೂರೂವರೆ ಸ್ಟಾರ್. ಶುಕ್ರವಾರ ಪ್ರತಿ ಕೈಗೆ ಬಂದರೆ ನಾಲ್ಕು ಮಾಡುತ್ತೇನೆ.